ಸೊನ್ನೆ ತಾರೀಕಿಗೆ ಕೆಲಸಕ್ಕೆ ಸೇರಿದ ವಿಮಲಕ್ಕ

ನಮ್ಮ ಶ್ರಾವ್ಯಳ ಕೆಲಸ ಖಾಯಂ ಆಯಿತು!

ಇವತ್ತು ಮಧ್ಯಾಹ್ನ ಫೋನು ಬಂತು. ಫೋನು ಇಟ್ಟವಳೇ ನಾನು ಅಂಗಳಕ್ಕೆ ಓಡಿ ಕಣ್ಣಿಗೆ ಬಿದ್ದವರಿಗೆಲ್ಲ ಹೇಳಿದೆ. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದೆ. ಕರೆಂಟಿನ ಮೀಟರು ನೋಡಲು ಬಂದವನಿಗೆ ಹೇಳಿದೆ. ದಾರಿ ತಪ್ಪಿ ನಮ್ಮ ಗೇಟಿನ ಬಳಿ ಬೈಕು ನಿಲ್ಲಿಸಿ, "ಅಮ್ಮ, ನಾರಾವಿಗೆ ಹೀಗೆ ಹೋಗುವುದಾ?" ಎಂದು ಕೇಳಿದ ಅಪರಿಚಿತನಿಗೂ ಹೇಳಿದೆ. ಪಾಪ, ಅವನು ಹೆಲ್ಮೆಟ್ ತೆಗೆದು ಪೂರ್ತಿ ಕೇಳಿ, "ಒಳ್ಳೆದಾಯ್ತು ಅಮ್ಮ" ಎಂದು ನಕ್ಕು ಹೋದ. ದಾರಿ ಹೇಳಲು ನನಗೆ ಮರೆತೇ ಹೋಯಿತು!

ಶ್ರಾವ್ಯ ನನ್ನ ಮಗನ ಮಗಳು. ಬಿ.ಕಾಂ. ಮುಗಿಸಿ ಮೂಡುಬಿದಿರೆಯ ಆಚೆ ಒಂದು ಗೇರುಬೀಜದ ಫ್ಯಾಕ್ಟರಿಯ ಆಫೀಸಿಗೆ ಸೇರಿದ್ದಳು. ಶಿರ್ತಾಡಿಯ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಬಸ್ಸು ಇಳಿಯುತ್ತಾಳೆ. ಆದರೆ ಕೆಲಸ ಇನ್ನೂ ಪರೀಕ್ಷೆಯ ಮೇಲಿತ್ತು. ಧಣಿಗಳಿಗೆ ಒಪ್ಪಿಗೆಯಾದರೆ ಖಾಯಂ, ಇಲ್ಲವಾದರೆ ನಮಸ್ಕಾರ. ನಮಸ್ಕಾರ ಎಂದಾದರೆ ಅವಳು ಮಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿ ನಿಂತು ಬೇರೆ ಕೆಲಸ ಹುಡುಕಬೇಕು. ಆ ಮಾತು ಬಂದಾಗಲೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ಸಂಜೆ ಅವಳು ಬಂದು ಚಪ್ಪಲಿ ಎಸೆದು, "ಅಜ್ಜಿ, ಚಾ!" ಎಂದು ಕೂಗದಿದ್ದರೆ ನಾನು ಯಾರಿಗೆ ಬೈಯುವುದು? ಇವರಿಗೆ ಬೈದು ಬೈದು ನನಗೂ ಸಾಕಾಗಿದೆ, ಇವರಿಗೂ ಅಭ್ಯಾಸವಾಗಿದೆ.

ಈಗ ಅವಳು ಎಲ್ಲಿಗೂ ಹೋಗುವುದಿಲ್ಲ. ಈ ಶುಭಕಾರ್ಯದಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಲೋಕಕ್ಕೆ ತಿಳಿಸುವುದು ನನ್ನ ಕರ್ತವ್ಯ. ಮನೆಯವರು ಬೇರೆ ರೀತಿ ಹೇಳಬಹುದು. ಅವರ ಮಾತನ್ನು ನಂಬಬೇಡಿ.

ಮೊದಲಿಗೆ ನನ್ನ ವಿದ್ಯಾರ್ಹತೆ ಹೇಳಿಬಿಡುತ್ತೇನೆ. ಐದನೇ ಕ್ಲಾಸು. ಪರೀಕ್ಷೆಯ ದಿನ ನಮ್ಮ ದನ ಕರು ಹಾಕಿದ್ದರಿಂದ ನಾನು ಶಾಲೆಗೆ ಹೋಗಲಿಲ್ಲ. ಆದ್ದರಿಂದ ನಾನು ಫೇಲಾದವಳಲ್ಲ. ಈ ವ್ಯತ್ಯಾಸವನ್ನು ಎಲ್ಲರೂ ಗಮನಿಸಬೇಕು.

ಕಳೆದ ಶನಿವಾರ ಸಂಜೆ ಶ್ರಾವ್ಯ ಆಫೀಸಿನ ಲ್ಯಾಪ್‌ಟಾಪನ್ನು ಮನೆಗೆ ತಂದಳು. ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಪೂಜೆ ಉಂಟು. ಈ ಸಲದ ಪೂಜೆಗೆ ಧಣಿಗಳು ಹೊಸದೊಂದು ಆಲೋಚನೆ ಮಾಡಿದ್ದರು. ಕೆಲಸಗಾರರನ್ನು ಅವರು ಸೇರಿದ ಕ್ರಮದಲ್ಲಿ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ಪ್ರಸಾದ ಕೊಡುವುದು. ಮೊದಲು ಸೇರಿದವರು ಮೊದಲು. ಹಾಗಾಗಿ ಯಾರು ಯಾವ ದಿನ ಕೆಲಸಕ್ಕೆ ಮೊದಲು ಬಂದರು, ಕೊನೆಗೆ ಯಾವ ದಿನ ಬಂದರು ಎಂದು ಹಾಜರಿಯಿಂದ ಹುಡುಕಿ ತೆಗೆದು ಪಟ್ಟಿ ಮಾಡುವ ಕೆಲಸ ಶ್ರಾವ್ಯಳ ತಲೆಗೆ ಬಂದಿತ್ತು. ಅದು ಸರಿಯಾದರೆ ಖಾಯಂ ಎಂದು ಧಣಿಗಳು ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಕನ್ನಡಕದ ಮೇಲಿನಿಂದ ನೋಡಿದ್ದರಂತೆ.

"ಅಷ್ಟು ವರ್ಷದ ಹಾಜರಿಯಲ್ಲಿ ಒಬ್ಬೊಬ್ಬರದ್ದೇ ಹುಡುಕುವುದಾ ಮಗಾ? ನಿನ್ನ ಮದುವೆ ಯಾವಾಗ ಆಗುವುದು?" ಎಂದು ನಾನು ಕೇಳಿದೆ.

"ಹುಡುಕುವುದು ನಾನಲ್ಲ ಅಜ್ಜಿ, ಫಾರ್ಮುಲಾ. ಇಲ್ಲಿ ನೋಡಿ. ಹಾಜರಿಯೆಲ್ಲ ಬೇರೆ ಹಾಳೆಯಲ್ಲಿ ಉಂಟು. ಈ ಹಾಳೆಯಲ್ಲಿ ಹೆಸರು ಮಾತ್ರ. ಹೆಸರಿನ ಪಕ್ಕದಲ್ಲಿ ಫಾರ್ಮುಲಾ ಹಾಕಿದರೆ ಅದು ಆ ಹೆಸರು ಹಿಡ್ಕೊಂಡು ಹಾಜರಿಯೊಳಗೆ ಹೋಗ್ತದೆ. ಆ ಹೆಸರು ಇದ್ದ ತಾರೀಕುಗಳಲ್ಲಿ ಎಲ್ಲಕ್ಕಿಂತ ಹಿಂದಿನದ್ದನ್ನು ತಂದು ಇಲ್ಲಿ ಇಡ್ತದೆ. ಇನ್ನೊಂದು ಫಾರ್ಮುಲಾ ಎಲ್ಲಕ್ಕಿಂತ ಈಚಿನದ್ದನ್ನು ತರ್ತದೆ."

ಅವಳು ಒತ್ತಿದಳು. ತಾರೀಕು ಬಂತು! ಇಡೀ ದಿನ ಗೇರುಬೀಜ ಆರಿಸುವ ಹೆಂಗಸರಿಗೂ ಇಷ್ಟು ಬೇಗ ಒಂದು ಬೀಜ ಹೆಕ್ಕಲು ಆಗಲಿಕ್ಕಿಲ್ಲ. ಎರಡೇ ಕ್ಷಣದಲ್ಲಿ ಪರದೆ ತುಂಬ ತಾರೀಕುಗಳು. ನಾನು ಕೈ ಮುಗಿದೆ.

"ನಾಳೆ ಸಂಜೆ ಒಮ್ಮೆ ನೋಡಿ ಧಣಿಗಳಿಗೆ ಕಳಿಸ್ತೇನೆ" ಎಂದು ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಅವಳು ಗೆಳತಿಯ ಮದುವೆಯ ಮೆಹಂದಿಗೆಂದು ಕನ್ಯಾನಕ್ಕೆ ಹೊರಟಳು. ಮಗ, ಸೊಸೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಇವರು ಮತ್ತು ಲ್ಯಾಪ್‌ಟಾಪ್. ಇವರು ಪೇಪರು ಓದುತ್ತಿದ್ದರು. ಲ್ಯಾಪ್‌ಟಾಪ್ ಸುಮ್ಮನೆ ಇತ್ತು. ಮೊಮ್ಮಗಳ ಕೆಲಸವನ್ನು ಇನ್ನೊಮ್ಮೆ ಕಣ್ಣು ತುಂಬ ನೋಡುವ ಎಂದು ನಾನು ಅದನ್ನು ತೆರೆದೆ. ನೋಡುವುದಕ್ಕೆ ಮಾತ್ರ!

ಇಂಗ್ಲಿಷ್ ಅಕ್ಷರಗಳನ್ನು ನಾನು ಬಸ್ಸಿನ ಬೋರ್ಡಿನಿಂದ ಕಲಿತವಳು. ನಿಧಾನಕ್ಕೆ ಕೂಡಿಸಿ ಓದಬಲ್ಲೆ. ಪಟ್ಟಿಯಲ್ಲಿ ಏನು ಬರೆದಿತ್ತು ಗೊತ್ತುಂಟಾ? ಲಲಿತಾ. ಸುಮತಿ. ವಿಮಲಾ. ಅಷ್ಟೇ! ವಿಮಲಾ ನಮ್ಮದೇ ಬಸ್ ಸ್ಟಾಪಿನವಳು, ಶ್ರಾವ್ಯಳ ಅಮ್ಮನಿಗಿಂತ ದೊಡ್ಡವಳು. ಪೂಜೆಯ ದಿನ ದೇವರ ಎದುರು, ಊರ ಎದುರು, ಧಣಿಗಳು ಮೈಕಿನಲ್ಲಿ "ವಿಮಲಾ!" ಎಂದು ಕರೆದರೆ ಆ ಹೆಂಗಸಿಗೆ ಹೇಗಾಗಬೇಡ? ಮರುದಿನ ಬಸ್ಸಿನಲ್ಲಿ ಅವಳು ಕೇಳುವುದು ಧಣಿಗಳನ್ನಲ್ಲ. "ಪಟ್ಟಿ ಬರೆದದ್ದು ನಿಮ್ಮ ಪುಳ್ಳಿಯಂತೆ ಸರೋಜಕ್ಕ, ದೊಡ್ಡವರಿಗೆ ಮರ್ಯಾದೆ ಕೊಡಲು ಹೇಳಿಕೊಟ್ಟಿಲ್ಲವಾ?" ಎಂದು ನನ್ನನ್ನು ಕೇಳುತ್ತಾಳೆ.

ಸರಿಪಡಿಸುವುದು ಕಷ್ಟವೇನಲ್ಲ. ಅಕ್ಕ ಎಂದು ಇಂಗ್ಲಿಷಿನಲ್ಲಿ ಬರೆಯಲು ಎ ಮತ್ತು ಕೆ ಸಾಕು. ಅಣ್ಣ ಎಂದು ಬರೆಯಲು ಎ ಮತ್ತು ಎನ್. ಮೂರೇ ಮೂರು ಅಕ್ಷರದಲ್ಲಿ ಇಡೀ ಫ್ಯಾಕ್ಟರಿಗೆ ಮರ್ಯಾದೆ ಕೊಡಬಹುದು!

ವಿಮಲಾ ಇದ್ದ ಚೌಕದ ಮೇಲೆ ಬಾಣ ಇಟ್ಟು AKKA ಎಂದು ಒತ್ತಿದೆ. ವಿಮಲಾ ಮಾಯ! ಬರೀ ಅಕ್ಕ ಉಳಿದಳು.

"ಇವರೇ, ವಿಮಲಾ ಹೋದಳು!" ಎಂದು ಕೂಗಿದೆ.

ಇವರು ಪೇಪರು ಇಳಿಸಿ, "ಅಯ್ಯೋ ದೇವರೇ, ಯಾವಾಗ? ನಿನ್ನೆ ಸಂಜೆ ಅಂಗಡಿಯಲ್ಲಿ ಮೀನು ತಕೊಳ್ತಾ ಇದ್ದಳಲ್ಲ!" ಎಂದರು.

"ಹಾಗೆ ಹೋದದ್ದಲ್ಲ ಮಾರಾಯ್ರೆ, ಲ್ಯಾಪ್‌ಟಾಪಿನಿಂದ ಹೋದದ್ದು."

"ಅಷ್ಟೇಯಾ" ಎಂದು ಇವರು ಪೇಪರು ಎತ್ತಿದರು.

ಕೊನೆಗೆ ಅಕ್ಷರ ಅಕ್ಷರ ಹುಡುಕಿ VIMALA AKKA ಎಂದು ಬರೆದೆ. ಆಮೇಲೆ ಶ್ರಾವ್ಯ ಎರಡೆರಡು ಸಲ ಟಕ್ ಟಕ್ ಒತ್ತುವುದು ನೆನಪಾಯಿತು. ಹಾಗೆ ಒತ್ತಿದರೆ ಹೆಸರು ಅಳಿಯದೆ ಅಲ್ಲೇ ನಿಂತು, ಬಾಲಕ್ಕೆ ಅಕ್ಕ ಸೇರಿಕೊಳ್ಳುತ್ತಿದ್ದಳು. ಕಲಿಯುವ ಮನಸ್ಸಿದ್ದರೆ ವಯಸ್ಸು ಎಂತದಕ್ಕೆ? ಲಲಿತಾ ಅಕ್ಕ, ಸುಮತಿ ಅಕ್ಕ, ಕೊರಗಪ್ಪ ಅಣ್ಣ. ಮೊನ್ನೆ ದೀಪಾವಳಿಯ ನಂತರ ಸೇರಿದ ಪ್ಯಾಕಿಂಗಿನ ಪುಟ್ಟ ಹುಡುಗಿ ಅಕ್ಷತಾಳನ್ನೂ ಬಿಡಲಿಲ್ಲ. ಅಕ್ಷತಾ ಅಕ್ಕ! ಕೊಡುವಾಗ ಎಲ್ಲರಿಗೂ ಕೊಡಬೇಕು. ನನ್ನ ಕಣ್ಣು ಕೀಲಿಗಳ ಮೇಲೆಯೇ ಇತ್ತು. ಕೊನೆಯ ಹೆಸರು ಮುಗಿಸಿ, ಸೊಂಟ ನೆಟ್ಟಗೆ ಮಾಡಿ, ಹೆಮ್ಮೆಯಿಂದ ತಲೆ ಎತ್ತಿದೆ.

ತಾರೀಕುಗಳೆಲ್ಲ ಒಂದೇ ಆಗಿದ್ದವು. 00-01-1900.

ಕನ್ನಡಕ ಒರೆಸಿ ನೋಡಿದೆ. ಸೊನ್ನೆ ಸೊನ್ನೆ, ಸೊನ್ನೆ ಒಂದು, ಸಾವಿರದ ಒಂಬೈನೂರು. ಇಡೀ ಫ್ಯಾಕ್ಟರಿ ಜನವರಿ ಸೊನ್ನೆ ತಾರೀಕಿನಂದು ಕೆಲಸಕ್ಕೆ ಸೇರಿತ್ತು. ಅಷ್ಟೇ ಅಲ್ಲ, ಕೊನೆಗೆ ಬಂದ ದಿನವೂ ಅದೇ. ಸೇರಿದ ದಿನವೇ ಎಲ್ಲರೂ ಕೆಲಸ ಬಿಟ್ಟಿದ್ದರು!

"ಇವರೇ, ಜನವರಿ ಸೊನ್ನೆ ಅಂತ ಒಂದು ತಾರೀಕು ಉಂಟಾ?"

"ಇರಬಹುದು. ನಿನ್ನ ಅಣ್ಣ ನನ್ನ ಕೈಗಡ ವಾಪಸು ಕೊಡ್ತೇನೆ ಹೇಳಿದ್ದು ಅದೇ ದಿನ ಅಂತ ಕಾಣ್ತದೆ" ಎಂದರು ಇವರು, ಪೇಪರಿನ ಹಿಂದಿನಿಂದ.

ಇಂಥ ಮನುಷ್ಯನಿಂದ ಸಹಾಯ ಸಿಗುವುದಿಲ್ಲ. ನಾನು ಶಾಂತವಾಗಿ ಪರಿಸ್ಥಿತಿಯನ್ನು ಅವಲೋಕಿಸಿದೆ. ನನ್ನ ತಪ್ಪಂತೂ ಇರಲಿಲ್ಲ. ನಾನು ಮುಟ್ಟಿದ್ದು ಹೆಸರನ್ನು, ಕೆಟ್ಟದ್ದು ತಾರೀಕು. ಫಾರ್ಮುಲಾಕ್ಕೆ ಏನೋ ಸುಸ್ತಾಗಿರಬೇಕು. ಅದು ತರದಿದ್ದರೆ ತಾರೀಕುಗಳನ್ನು ನಾನೇ ತಂದು ತುಂಬಿಸಿದರಾಯಿತು. ವಿಮಲಾಗೆ ಫೋನು ಮಾಡಿದೆ.

"ವಿಮಲಾ, ನೀನು ಬೀಜದ ಫ್ಯಾಕ್ಟರಿಗೆ ಸೇರಿದ್ದು ಯಾವಾಗ?"

"ನಾನಾ ಅಕ್ಕ? ಆಟಿಯಲ್ಲಿ."

ನನಗೆ ಸಿಟ್ಟು ಬಂತು. ಮಳೆಗಾಲದ ಆ ಆಟಿ ತಿಂಗಳಲ್ಲಿ ನಮ್ಮಲ್ಲಿ ಯಾರೂ ಹೊಸ ಸೀರೆ ಸಹ ಉಡುವುದಿಲ್ಲ. "ಆಟಿಯಲ್ಲಿ ಯಾರಾದರೂ ಹೊಸ ಕೆಲಸಕ್ಕೆ ಕಾಲಿಡ್ತಾರಾ? ಸರಿ ನೆನಪು ಮಾಡು."

"ಸರಿ ನೆನಪುಂಟು ಅಕ್ಕ. ಗದ್ದೆ ಕೆಲಸ ಮುಗಿದಿತ್ತು, ಮನೆಯಲ್ಲಿ ಅಕ್ಕಿ ಡಬ್ಬ ಖಾಲಿ. ಒಳ್ಳೆ ದಿನ ನೋಡ್ಲಿಕ್ಕೆ ಹೊಟ್ಟೆ ಬಿಡ್ಬೇಕಲ್ಲ?" ಎಂದು ಅವಳು ನಕ್ಕಳು.

ನಾನು ಬೈಯುವುದನ್ನು ಬಿಟ್ಟೆ. ಆದರೂ ದೇವರ ಎದುರು ಓದುವ ಪಟ್ಟಿ. ಅವಳಿಗೆ ಒಳ್ಳೆಯದಾಗಲಿ ಎಂದು ಆಟಿ ಕಳೆದು ಸೋಣ ತಿಂಗಳು ಶುರುವಾಗುವ ಸಂಕ್ರಮಣವನ್ನೇ ಹಾಕಿದೆ. ಗೋಡೆಯ ಕ್ಯಾಲೆಂಡರ್ ನೋಡಿ ಆಗಸ್ಟಿನ ತಾರೀಕು ಹಿಡಿದೆ. ಇಸವಿಯನ್ನು ಅವಳ ದೊಡ್ಡ ಮಗನ ವಯಸ್ಸಿನಿಂದ ಲೆಕ್ಕ ಹಾಕಿದೆ.

"ಉಳಿದವರದ್ದು?"

ವಿಮಲಾಗೆ ಎಲ್ಲರದ್ದೂ ಗೊತ್ತಿತ್ತು. ಲಲಿತಾ ಬಂದದ್ದು ಅವಳ ನಾದಿನಿ ಓಡಿ ಹೋದ ವರ್ಷ. ಕೊರಗಪ್ಪ ಬಂದದ್ದು ಮೇ ಕೊನೆಗೆ ಕೋಲ, ಆಟಗಳೆಲ್ಲ ನಿಲ್ಲುವ ಪತ್ತನಾಜೆಯ ಮರುದಿನ, ಆ ವರ್ಷ ಅವನ ಮನೆಯ ಮಾಡಿಗೆ ತೆಂಗಿನಮರ ಬಿದ್ದಿತ್ತು. ಒಬ್ಬಳು ಬಂದದ್ದು ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ. ಎಷ್ಟು ತಿಂಗಳು ಎಂದು ವಿಮಲಾಗೆ ಸರಿಯಾಗಿ ನೆನಪಿರಲಿಲ್ಲ. "ಹೊಟ್ಟೆ ಸ್ವಲ್ಪ ಕಾಣ್ತಿತ್ತು ಅಕ್ಕ, ನೀವೇ ನೋಡಿ ಹಾಕಿ" ಎಂದಳು. ನಾನು ನೋಡಿ ಹಾಕಿದೆ.

"ಸುಮತಿ?"

ಅವಳು ಸ್ವರ ತಗ್ಗಿಸಿದಳು. "ಅವಳು ನನ್ನ ನಂತರ. ತುಂಬಾ ನಂತರ. ಅವಳದ್ದು ಹಿಂದೆ ಹಾಕಿ ಅಕ್ಕ."

ಹಿಂದೆ ಹಾಕಿದೆ. ಅಷ್ಟರಲ್ಲಿ ಅವಳ ಒಲೆಯ ಮೇಲಿದ್ದ ಮೀನು ಸಾರು ಸೀದು, ಗಂಡ ಕಿರುಚುವುದು ಕೇಳಿಸಿ, ಸಂದರ್ಶನ ಮುಕ್ತಾಯವಾಯಿತು.

ಪರದೆ ತುಂಬ ಮತ್ತೆ ತಾರೀಕುಗಳು! ಅದೂ ಫಾರ್ಮುಲಾದ ಸಹಾಯವಿಲ್ಲದೆ, ನಾಡಿನ ಪದ್ಧತಿ ಪ್ರಕಾರ. ಕೊನೆಗೆ ಬಂದ ದಿನದ ಸಾಲು ಮಾತ್ರ ಸೊನ್ನೆಯಲ್ಲೇ ಇತ್ತು, ಪ್ರಸಾದಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಆ ಹೊತ್ತಿಗೆ ಪಕ್ಕದ ಮನೆಯ ಜಯಂತಣ್ಣ ಬೇಲಿಯ ಆಚೆಯಿಂದ ಇಣುಕಿದರು. ಜಯಂತಣ್ಣ ಗಲ್ಫಿನಲ್ಲಿ ಒಂದು ಕಂಪೆನಿಯಲ್ಲಿ ಕೆಲಸಗಾರರ ಹಾಜರಿ ಹಾಕುವ ಟೈಮ್‌ಕೀಪರ್ ಆಗಿದ್ದು ಬಂದವರು. ಹೆಂಡತಿ ಬಂಟ್ವಾಳದ ತವರಿಗೆ ಹೋಗಿದ್ದರಿಂದ ಮಾತಾಡಲು ಜನ ಹುಡುಕುತ್ತಿದ್ದರು.

"ಎಂತ ಅಕ್ಕ, ಕಂಪ್ಯೂಟರಾ? ಕೊಡಿ ಇಲ್ಲಿ. ಇದೆಲ್ಲ ಅಲ್ಲಿ ನನ್ನ ಎಡಗೈ ಕೆಲಸ" ಎಂದು ಬಂದು ಕೂತೇ ಬಿಟ್ಟರು. "ಇದೆಂತ, ಎ ಬಿ ಸಿ ಕ್ರಮದಲ್ಲಿ ಉಂಟು? ಅಕ್ಷತಾ ಮೇಲೆ, ವಿಮಲಾ ಅಡಿಯಲ್ಲಿ. ಮೊದಲು ಬಂದವರು ಮೇಲೆ ಬರಬೇಕಲ್ಲ? ತಾರೀಕುಗಳನ್ನು ಹಿಡಿದು ಒಮ್ಮೆ ಸಾರ್ಟ್ ಒತ್ತಿದರೆ ಮುಗೀತು."

ಒತ್ತಿದರು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಉದ್ದ ಇಂಗ್ಲಿಷ್.

"ಎಂತ ಕೇಳ್ತದೆ?"

"ಪಕ್ಕದ ಸಾಲುಗಳನ್ನೂ ಸೇರಿಸಬೇಕಾ ಅಂತ. ಬೇಡ. ನಮಗೆ ಬೇಕಾದ್ದು ತಾರೀಕು ಮಾತ್ರ. ಇವು ಹೀಗೇ ಅಕ್ಕ, ಸುಮ್ಮನೆ ಕೆಲಸ ಹೆಚ್ಚು ಮಾಡ್ಲಿಕ್ಕೆ ನೋಡ್ತವೆ."

ತಾರೀಕುಗಳು ಚಕಚಕನೆ ಓಡಿ ಸಾಲಾಗಿ ನಿಂತವು. ಹಳೆಯದು ಮೇಲೆ, ಹೊಸದು ಕೆಳಗೆ. ಹೆಸರುಗಳು ಮಾತ್ರ ಇದ್ದಲ್ಲೇ ಇದ್ದವು. ಆ ಕ್ಷಣದಲ್ಲಿ ಅದು ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ. ನಾವು ಪರಸ್ಪರ ಅಭಿನಂದನೆ ಸಲ್ಲಿಸುವುದರಲ್ಲಿದ್ದೆವು.

"ಉಳಿಸಬೇಕಾ ಅಂತ ಕೇಳ್ತದೆ ಅಕ್ಕ."

"ಉಳಿಸಿ ಉಳಿಸಿ! ಅಷ್ಟು ಕಷ್ಟಪಟ್ಟದ್ದು."

"ಕಳಿಸಿಯೇ ಬಿಡುವನಾ? ಹುಡುಗಿ ಸುಸ್ತಾಗಿ ಬರ್ತಾಳೆ. ಧಣಿಗಳ ವಾಟ್ಸಾಪ್ ಇಲ್ಲೇ ಉಂಟು."

ಮೊಮ್ಮಗಳು ಬಂದು, "ಅಯ್ಯೋ, ಕಳಿಸ್ಬೇಕಿತ್ತು" ಎಂದಾಗ ನಾನು ಚಾ ಕೊಡುತ್ತಾ, "ಕಳಿಸಿ ಆಯ್ತು ಮಗಾ" ಎನ್ನುವ ದೃಶ್ಯ ನನ್ನ ಕಣ್ಣ ಮುಂದೆ ಬಂತು. "ಕಳಿಸುವ!" ಎಂದೆ. ಹೋಯಿತು. ಎರಡು ಗೆರೆ ಬಂತು. ಸ್ವಲ್ಪ ಹೊತ್ತಿನಲ್ಲಿ ಗೆರೆಗಳು ನೀಲಿಯಾದವು.

"ಧಣಿಗಳು ನೋಡಿದರು" ಎಂದು ಜಯಂತಣ್ಣ ಕಾಲ ಮೇಲೆ ಕಾಲು ಹಾಕಿದರು. ಅವರಿಗೆ ಗೋಳಿಬಜೆ ಮಾಡಿ ಕೊಟ್ಟೆ. ಇವರೂ ಪೇಪರು ಬಿಟ್ಟು ಬಂದು ಕೂತರು. ಗೋಳಿಬಜೆಯ ವಾಸನೆ ಬಂದರೆ ಇವರ ಕಣ್ಣಿಗೆ ಅಕ್ಷರ ಕಾಣುವುದಿಲ್ಲ.

ಎರಡನೆಯ ಗೋಳಿಬಜೆ ಬಾಯಲ್ಲಿರುವಾಗ ಕನ್ಯಾನದಿಂದ ಫೋನು ಬಂತು.

"ಅಜ್ಜಿ, ಲ್ಯಾಪ್‌ಟಾಪ್ ಮುಟ್ಟಿದ್ರಾ?"

"ಮುಟ್ಟಿದ್ದಲ್ಲ ಮಗಾ, ಸರಿ ಮಾಡಿದ್ದು."

ಆಚೆ ಓಲಗ ಕೇಳಿಸುತ್ತಿತ್ತು. ಅದರ ನಡುವೆ ಅವಳ ಸ್ವರ ಒಡೆಯಿತು. "ಧಣಿಗಳು ಫೋನ್ ಮಾಡಿದ್ರು ಅಜ್ಜಿ. ಪ್ಯಾಕಿಂಗಿನ ಅಕ್ಷತಾ ಎಲ್ಲರಿಗಿಂತ ಹಳಬಳಂತೆ. ಅವಳು ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದ್ದಾಳಂತೆ. ವಿಮಲಾ ಅಕ್ಕ ಮೊನ್ನೆ ಬಂದವಳಂತೆ. ಎಲ್ಲರೂ ಸೊನ್ನೆ ತಾರೀಕಿಗೆ ಕೆಲಸ ಬಿಟ್ಟಿದ್ದಾರಂತೆ, ಹಾಗಾದರೆ ನಾಳೆ ಫ್ಯಾಕ್ಟರಿ ನಡೆಸುವುದು ಯಾರು ಅಂತ ಕೇಳ್ತಾರೆ. ಇವತ್ತು ರಾತ್ರಿಯೊಳಗೆ ಸರಿಯಾದ ಪಟ್ಟಿ ಬೇಕಂತೆ. ಇಲ್ಲದಿದ್ದರೆ ನನ್ನನ್ನು ಇಟ್ಟುಕೊಳ್ಳುವ ವಿಷಯ ಇನ್ನೊಮ್ಮೆ ಆಲೋಚನೆ ಮಾಡ್ಬೇಕಂತೆ."

ನನ್ನ ಕೈಯ ಗೋಳಿಬಜೆ ತಣ್ಣಗಾಯಿತು. ಕಣ್ಣ ಮುಂದೆ ಮಂಗಳೂರಿನ ಪಿ.ಜಿ., ಅದರ ತೆಳ್ಳಗಿನ ಸಾಂಬಾರು ಎಲ್ಲ ಬಂದವು. ಪಕ್ಕಕ್ಕೆ ತಿರುಗಿದೆ. ಜಯಂತಣ್ಣ ಇರಲಿಲ್ಲ. ಗಲ್ಫಿನಲ್ಲಿ ಕಲಿತ ಸಮಯಪ್ರಜ್ಞೆ!

ಶ್ರಾವ್ಯ ಬಂದದ್ದು ಸಂಜೆ ಬಿಸಿಲು ಇಳಿಯುವ ಹೊತ್ತಿಗೆ, ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು. ಬಂದವಳ ಎರಡೂ ಕೈ ಮೇಲಿದ್ದವು. ಪೊಲೀಸರು ಹಿಡಿದು ತಂದ ಹಾಗೆ! ಮೊಣಕೈವರೆಗೆ ಹಸಿ ಹಸಿ ಮೆಹಂದಿ, ಅದರ ಮೇಲೆ ನಿಂಬೆಹುಳಿ ಸಕ್ಕರೆಯ ಅಂಟು. ಬಸ್ಸಿನಲ್ಲಿ ಪಕ್ಕದ ಹೆಂಗಸು ಇವಳ ಚೀಲಕ್ಕೆ ಕೈ ಹಾಕಿ ಟಿಕೆಟ್ ತೆಗೆದುಕೊಟ್ಟಳಂತೆ.

"ಈಗಲೇ ತೊಳೀತೇನೆ" ಎಂದು ಅವಳು ನಲ್ಲಿಯ ಕಡೆಗೆ ಹೋದಳು.

ನಾನು ಅಡ್ಡ ನಿಂತೆ. "ಮದುಮಗಳು ಪಕ್ಕದಲ್ಲಿ ಕೂರಿಸಿ ಹಾಕಿಸಿದ ಮೆಹಂದಿ. ಬಣ್ಣ ಹಿಡಿಯುವ ಮೊದಲು ತೊಳೆಯುವುದಾ? ನೀನು ಹೇಳು, ನಾನು ಒತ್ತುತ್ತೇನೆ."

"ನೀವಾ?"

ಆ ಎರಡು ಅಕ್ಷರದಲ್ಲಿ ಎಷ್ಟು ಅರ್ಥ ಇತ್ತು ಎಂದು ನಾನು ಇಲ್ಲಿ ಬಿಡಿಸುವುದಿಲ್ಲ. ಇವರು ಪೇಪರು ಮಡಿಸಿ ಕೆಳಗಿಟ್ಟರು. "ಅವಳೇ ಒತ್ತಲಿ ಬಿಡು ಪುಳ್ಳಿ. ಇನ್ನು ಹಾಳಾಗ್ಲಿಕ್ಕೆ ಎಂತ ಉಳಿದಿದೆ?" ಎಂದರು. ಮದುವೆಯಾದ ನಂತರ ಇವರು ನನ್ನ ಪಕ್ಷ ವಹಿಸಿದ್ದು ಅದೇ ಮೊದಲು.

ಕೂತೆವು. ಅವಳು ಕೈ ಎತ್ತಿಕೊಂಡು ಹಿಂದೆ, ನಾನು ಲ್ಯಾಪ್‌ಟಾಪಿನ ಮುಂದೆ. ನಾನು ಮಾಡಿದ್ದನ್ನೆಲ್ಲ ಅವಳಿಗೆ ಹೇಳಿದೆ. ಬಂದಾಗಿನಿಂದ ಅಳುತ್ತಿದ್ದವಳು ಅಕ್ಕ ಹಾಕಿದ್ದು ಕೇಳಿದಾಗ ಅಳು ನಿಲ್ಲಿಸಿದಳು.

"ಅಯ್ಯೋ ಅಜ್ಜಿ! ಹಾಜರಿಯಲ್ಲಿ ವಿಮಲಾ ಅಂತ ಉಂಟು. ನೀವು ಇಲ್ಲಿ ವಿಮಲಾ ಅಕ್ಕ ಮಾಡಿದ್ರಿ. ಫಾರ್ಮುಲಾ ಹಾಜರಿಯೊಳಗೆ ಹೋಗಿ ವಿಮಲಾ ಅಕ್ಕನನ್ನು ಹುಡುಕ್ತು. ಸಿಗ್ಲಿಲ್ಲ. ಸೊನ್ನೆ ತಂತು. ಸೊನ್ನೆಯನ್ನು ತಾರೀಕು ಮಾಡಿ ತೋರಿಸಿದರೆ ಹಾಗೆ ಕಾಣ್ತದೆ."

"ಅಷ್ಟೂ ಬುದ್ಧಿ ಇಲ್ವಾ ಅದಕ್ಕೆ? ವಿಮಲಾ ಅಂದರೂ ವಿಮಲಕ್ಕ ಅಂದರೂ ಒಬ್ಬಳೇ ಅಂತ ನಮ್ಮ ನಾಯಿಗೂ ಗೊತ್ತುಂಟು!"

"ನಾಯಿಗೆ ಗೊತ್ತುಂಟು ಅಜ್ಜಿ. ಇದಕ್ಕೆ ಗೊತ್ತಿಲ್ಲ."

ಹಾಜರಿಯ ಹಾಳೆ ಪುಣ್ಯಕ್ಕೆ ಹಾಗೇ ಇತ್ತು. ಅಂಥದ್ದೊಂದು ಹಾಳೆ ಎಲ್ಲಿ ಅಡಗಿದೆ ಎಂದು ನನಗಾಗಲಿ ಜಯಂತಣ್ಣನಿಗಾಗಲಿ ಗೊತ್ತಿಲ್ಲದ್ದರಿಂದ ಅದು ಬದುಕಿತ್ತು. ಶ್ರಾವ್ಯ ಪಕ್ಕಕ್ಕೆ ಹೊಸ ಸಾಲೊಂದನ್ನು ಮಾಡಿಸಿದಳು. ಹಾಜರಿಯಲ್ಲಿ ಇದ್ದ ಹಾಗೆಯೇ ಬರಿಯ ಹೆಸರುಗಳು ಅಲ್ಲಿ ಬಂದು ಕೂತವು. ನನ್ನ ಅಕ್ಕ, ಅಣ್ಣಂದಿರ ಸಾಲನ್ನು ಅಳಿಸಲಿಲ್ಲ. "ಕರೆಯುವಾಗ ಇದು, ಹುಡುಕುವಾಗ ಅದು" ಎಂದಳು. ಜಯಂತಣ್ಣ ಸಾಲಾಗಿ ನಿಲ್ಲಿಸಿದ ನನ್ನ ತಾರೀಕುಗಳನ್ನೆಲ್ಲ ಒರೆಸಿ ಹಾಕಿಸಿದಳು. ಈಗ ಫಾರ್ಮುಲಾ.

"ಈಕ್ವಲ್ ಒತ್ತಿ. ಎಮ್. ಐ. ಎನ್. ಐ. ಎಫ್. ಎಸ್. ಬ್ರಾಕೆಟ್."

"ಯಾವ ಬ್ರಾಕೆಟ್ ಮಗಾ? ಎರಡುಂಟು. ಒಂದರ ಬೆನ್ನು ಆಚೆ ಬಾಗಿದೆ, ಒಂದರದ್ದು ಈಚೆ."

"ಹೊಟ್ಟೆ ನಿಮ್ಮ ಬಲಗಡೆಗೆ ತೆರೆದದ್ದು."

"ಇದಾ?"

"ಅದು ಒಂಬತ್ತರ ಮೇಲಿನದ್ದಾ?"

"ಎಂಟರ ಮೇಲೆ ನಕ್ಷತ್ರ ಉಂಟು. ಎಷ್ಟು ಚಂದ ಉಂಟು ನೋಡು!"

"ನಕ್ಷತ್ರ ಬೇಡ ಅಜ್ಜಿ!"

ನಕ್ಷತ್ರ ಆಗಲೇ ಬಿದ್ದಿತ್ತು. ಅಳಿಸಿದೆವು. ಅಲ್ಪವಿರಾಮ ಹಾಕಬೇಕಾದಲ್ಲಿ ಪೂರ್ಣವಿರಾಮ ಹಾಕಿದೆ. ಲ್ಯಾಪ್‌ಟಾಪ್ ಟುಂಗ್ ಎಂದು ಬೈಯಿತು. ಮತ್ತೆ ಹಾಕಿದೆ. ನನ್ನ ಬೆರಳು ಒಂದೊಂದು ಅಕ್ಷರಕ್ಕೆ ಇಳಿಯುವಾಗ ಅವಳ ಉಸಿರು ನನ್ನ ಕಿವಿಯ ಹತ್ತಿರ ನಿಲ್ಲುತ್ತಿತ್ತು. ಅವಳ ಮೊಣಕೈಯಿಂದ ಒಂದು ಚೂರು ಮೆಹಂದಿ ನನ್ನ ಹೆಗಲಿಗೆ ಬಿತ್ತು.

"ಎಂಟರ್."

ಒತ್ತಿದೆ. ತಾರೀಕು ಬಂತು! ಅವಳು ಹೇಳಿದಂತೆ ಚೌಕದ ಮೂಲೆ ಹಿಡಿದು ಕೆಳಗೆ ಎಳೆದೆ. ಒಬ್ಬೊಬ್ಬರದ್ದಾಗಿ ಎಲ್ಲರದ್ದೂ ಬಂತು. ವಿಮಲಾಳದ್ದು ನೋಡಿದೆ. ಜುಲೈ ತಿಂಗಳ ಕೊನೆ.

"ಬಂದಳು!" ಎಂದು ಕಿರುಚಿದೆ. "ಆಟಿಯಲ್ಲೇ ಬಂದಳು!"

ಅವಳಿಗಿಂತ ಮೊದಲು, ಅದೇ ವರ್ಷದ ಏಪ್ರಿಲಿನ ಬಿಸು ಹಬ್ಬದ ಮರುದಿನ, ಸುಮತಿ ಬಂದಿದ್ದಳು. ಹಾಜರಿಗೆ ಯಾರ ದಾಕ್ಷಿಣ್ಯವೂ ಇಲ್ಲ.

ಕೊನೆಗೆ ಬಂದ ದಿನವನ್ನೂ ಹಾಗೆಯೇ ಇನ್ನೊಂದು ಫಾರ್ಮುಲಾದಿಂದ ತಂದೆವು. ಆಮೇಲೆ ಹೆಸರು, ತಾರೀಕು ಎಲ್ಲವನ್ನೂ ಒಟ್ಟಿಗೆ ಹಿಡಿಸಿ ಕ್ರಮಕ್ಕೆ ತಂದಳು. ಆ ಉದ್ದ ಇಂಗ್ಲಿಷ್ ಪ್ರಶ್ನೆಯ ಅರ್ಥ ಆಗ ನನಗೆ ಆಯಿತು. ಅದು ಪಾಪ, ಒಳ್ಳೆಯದಕ್ಕೇ ಕೇಳಿದ್ದು! ಇನ್ನು ಕಳಿಸುವುದೊಂದೇ ಬಾಕಿ. ನಾನು ಬೆರಳು ಮುಂದೆ ಮಾಡಿದೆ.

"ಬೇಡ!" ಎಂದು ಶ್ರಾವ್ಯ ನನ್ನನ್ನು ಮೊಣಕೈಯಿಂದ ಸರಿಸಿ, ಬಗ್ಗಿ, ಆ ಗುಂಡಿಯನ್ನು ತನ್ನ ಮೂಗಿನಿಂದ ಒತ್ತಿದಳು!

ಗೆರೆಗಳು ನೀಲಿಯಾದವು. ಉತ್ತರ ಬರಲಿಲ್ಲ. ಸೋಮವಾರ ಅವಳು ಆಫೀಸಿಗೆ ಹೋದಳು. ಧಣಿಗಳು ಕನ್ನಡಕದ ಮೇಲಿನಿಂದ ನೋಡಿ, ಏನೂ ಹೇಳಲಿಲ್ಲವಂತೆ. ಮಂಗಳವಾರವೂ ಇಲ್ಲ. ಸಂಜೆ ಬಂದವಳು ಚಪ್ಪಲಿಯನ್ನು ಎಸೆಯದೆ ಮೆಲ್ಲಗೆ ಇಟ್ಟಳು. ನನ್ನ ಚಾಕ್ಕೆ ಸಕ್ಕರೆ ಹಾಕಲು ಮರೆತೆ, ಇವರ ಚಾಕ್ಕೆ ಎರಡು ಸಲ ಹಾಕಿದೆ. ಇವರು ದೂರು ಕೊಡಲಿಲ್ಲ.

ಇವತ್ತು ಮಧ್ಯಾಹ್ನ ಅವಳ ಫೋನು. "ಅಜ್ಜಿ, ಪರ್ಮನೆಂಟ್!"

ಧಣಿಗಳು ಅವಳನ್ನು ಕರೆದು ಎರಡೂ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟರಂತೆ. ಮೊದಲನೆಯದು ಹೀಗೆ ಹೇಗಾಯಿತು ಎಂದು ಕೇಳಿದರಂತೆ. ಇವಳು ಒಂದೊಂದೇ ತಪ್ಪು ತೋರಿಸಿ, ಯಾವುದು ಹೇಗಾಯಿತು, ಯಾವುದನ್ನು ಹೇಗೆ ತೆಗೆದೆ ಎಂದು ವಿವರಿಸಿದಳಂತೆ. "ಪಟ್ಟಿ ಮಾಡುವವರು ತುಂಬ ಜನ ಸಿಗ್ತಾರೆ. ಇಷ್ಟು ಹಾಳಾದದ್ದನ್ನು ಒಂದು ಸಂಜೆಯಲ್ಲಿ ಸರಿ ಮಾಡುವವರು ಸಿಗುವುದಿಲ್ಲ" ಎಂದು ಧಣಿಗಳು ಅಲ್ಲೇ ಸಹಿ ಹಾಕಿದರಂತೆ. ಪೂಜೆಯ ದಿನ ಕರೆಯುವುದು ಅಕ್ಕ, ಅಣ್ಣ ಎಂದು ಇರುವ ಸಾಲಿನಿಂದಲೇ ಎಂದೂ ಹೇಳಿದರಂತೆ.

ಯೋಚಿಸಿ ನೋಡಿ. ಅಷ್ಟು ಹಾಳು ಮಾಡಿದ್ದು ಯಾರು? ನಾನು! ನಾನು ಇಲ್ಲದಿದ್ದರೆ ಅವಳು ಸರಿ ಮಾಡುವುದಾದರೂ ಏನನ್ನು?

ಇನ್ನೊಂದು ವಿಷಯವೂ ಉಂಟು. ಇಂದಿನಿಂದ ಆಫೀಸಿನ ಲ್ಯಾಪ್‌ಟಾಪನ್ನು ಯಾರೂ ಮನೆಗೆ ಒಯ್ಯುವ ಹಾಗಿಲ್ಲ ಎಂದು ಫ್ಯಾಕ್ಟರಿಯಲ್ಲಿ ಹೊಸ ನಿಯಮ ಬಂದಿದೆಯಂತೆ. ಐದನೇ ಕ್ಲಾಸಿನ ಹೆಂಗಸೊಬ್ಬಳಿಂದ ಒಂದು ನಿಯಮ ಬರುವುದೆಂದರೆ ಸಣ್ಣ ವಿಷಯವಲ್ಲ.

ಸಂಜೆ ಮನೆ ತುಂಬಿತು. ಬೆಳ್ತಂಗಡಿಯ ಲಾಯಿಲದಿಂದ ಮಗಳು, ಅಳಿಯ ಬಂದರು. ಮಗ ಊರ ಕೋಳಿ ಎರಡು ತಂದ. ಸೊಸೆ ಮಸಾಲೆ ಅರೆದಳು. ಜಯಂತಣ್ಣ ಬೇಲಿಯ ಆಚೆ ಸ್ವಲ್ಪ ಹೊತ್ತು ಕೆಮ್ಮಿ, ಕರೆದ ಕೂಡಲೇ ಬಂದರು. ಶ್ರಾವ್ಯ ಚಪ್ಪಲಿಯನ್ನು ಆಚೆ ಮೂಲೆಗೆ ಒಂದು, ಈಚೆ ಮೂಲೆಗೆ ಒಂದು ಎಸೆದು ಬಂದಳು. ನಾನು ಬೈದೆ. ಎಷ್ಟು ಸುಖವಾಯಿತು!

ಎಲ್ಲರೂ ಸಾಲಾಗಿ ಕೂತು ಕೋರಿರೊಟ್ಟಿ ತಿನ್ನಲು ಶುರುಮಾಡಿದೆವು. ಕೋಳಿ ಸಾರಿನ ಆವಿ ಏಳುತ್ತಿತ್ತು. ಮೆಹಂದಿ ಕೆಂಪಾದ ಕೈಯಿಂದ ಶ್ರಾವ್ಯ ಎಲ್ಲರಿಗೂ ಬಡಿಸಿದಳು. ಎಲ್ಲರೂ ಅವಳನ್ನು ಹೊಗಳಿದರು. ಧಣಿಗಳನ್ನು ಹೊಗಳಿದರು. ಫಾರ್ಮುಲಾವನ್ನು ಹೊಗಳಿದರು. ನಾನು ಸ್ವಲ್ಪ ಹೊತ್ತು ಕಾದೆ. ನನ್ನ ಸರದಿ ಬರಲಿಲ್ಲ. ಕೊನೆಗೆ ನಾನೇ ಗಂಟಲು ಸರಿಮಾಡಿಕೊಂಡು ಕೇಳಿದೆ:

"ದೇವರಾಣೆಗೂ ಹೇಳಿ ಮಕ್ಕಳೇ, ಇದರಲ್ಲಿ ನನ್ನ ಸಹಾಯ ಎಷ್ಟು?"

ಮಗ ತಟ್ಟೆ ನೋಡಿದ. ಸೊಸೆ ತಟ್ಟೆ ನೋಡಿದಳು. ಅಳಿಯ ಉಪ್ಪು ಹುಡುಕಿದ. ಜಯಂತಣ್ಣ ಮಾಡಿನ ಹಂಚು ಎಣಿಸಿದರು. ಗರಿಗರಿ ರೊಟ್ಟಿ ಮುರಿಯುವ ಚಟಪಟ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಶ್ರಾವ್ಯ ಎದ್ದು ಬಂದು, ಪಾತ್ರೆಯಿಂದ ಹುಡುಕಿ ದೊಡ್ಡದೊಂದು ಕೋಳಿಕಾಲು ತೆಗೆದು ನನ್ನ ತಟ್ಟೆಗೆ ಹಾಕಿದಳು.

"ತಿನ್ನಿ ಅಜ್ಜಿ" ಎಂದಳು.

ನಾನು ತಿಂದೆ.